ಸೈಂಟಿಫಿಕ್ ನೇಮ್ ಕಾಲಂ ಕೈಕೊಟ್ರೆ ಎಲ್ಲಿಂದ ಹುಡುಕೋದು

ಮೊದ್ಲು ಆನೆ ಕಥೆ ಹೇಳಿಬಿಡ್ತೀನಿ. ಮಲೆನಾಡಿನ ಒಂದು ಕಾಲೇಜಿನ ಹರ್ಬೇರಿಯಂ ಶೀಟು (ಒಣಗಿಸಿದ ಗಿಡ ಅಂಟಿಸಿದ ಹಾಳೆ), ಫೀಲ್ಡ್ ನೋಟ್‌ಬುಕ್ಕು ಎಲ್ಲಾನೂ ಡಾರ್ವಿನ್ ಕೋರ್ ಫಾರ್ಮ್ಯಾಟಿಗೆ ಹಾಕಿ ಲೋಕದ ಜೀವಿ ದಾಖಲೆಗಳನ್ನೆಲ್ಲ ಸೇರಿಸಿಡೋ ಜಿಬಿಐಎಫ್‌ಗೆ ಕಳಿಸೋ ಕೆಲ್ಸ ನನ್ನ ತಲೆಗೆ ಬಿದ್ದಿತ್ತು, ಅದ್ರಲ್ಲಿ ಆನೆ ಕಂಡ ಸಾಲುಗಳೇ ನಲವತ್ತು, ಹೆಸರು ಎಲಿಫಾಸ್ ಮ್ಯಾಕ್ಸಿಮಸ್ ಲಿನ್ನೇಯಸ್, 1758 (ಕೊನೇಲಿರೋದು ಹೆಸರಿಟ್ಟವ್ನು, ಅಂದ್ರೆ ಆಥರ್, ಮತ್ತೆ ಇಟ್ಟ ವರ್ಷ). ಮೊದಲ್ನೇ ಸಾಲು ಟೈಪ್ ಮಾಡಿ, ಸೆಲ್ ಮೂಲೆ ಹಿಡ್ದು ಕೆಳಗೆ ಎಳೆದು ಊಟಕ್ಕೆ ಹೋದೆ. ಎಕ್ಸೆಲ್‌ಗೆ ಕೊನೇಲಿ ನಂಬರ್ ಕಂಡ್ರೆ ಸುಮ್ನೆ ಕೂರಕ್ಕಾಗಲ್ವಲ್ಲ, 1759, 1760 ಅಂತ ಒಂದೊಂದೇ ಏರಿಸ್ಕೊಂಡು ಹೋಗಿ ಕೊನೇ ಸಾಲಲ್ಲಿ 1797 ಕೂರಿಸಿತ್ತು. ಲಿನ್ನೇಯಸ್ ತೀರ್ಕೊಂಡಿದ್ದು 1778ರಲ್ಲಿ. ನಮ್ಮ ಫೈಲ್ ಪ್ರಕಾರ ಆ ಮನುಷ್ಯ ಸತ್ತು ಹತ್ತೊಂಬತ್ತು ವರ್ಷ ಆದ್ಮೇಲೂ ಆನೆಗೆ ಹೆಸರಿಡ್ತಾನೇ ಇದ್ದ. ಕಂಟ್ರೋಲ್ ಒತ್ತಿ ಹಿಡ್ಕೊಂಡು ಎಳೆದಿದ್ರೆ ಹಾಗೇ ಕಾಪಿ ಆಗ್ತಿತ್ತು, ಅಷ್ಟೇ ವಿಷಯ.

ಆಮೇಲಿಂದ ಎಡವಿದ್ದೆಲ್ಲ ಬರ್ಕೊಳ್ತಾ ಬಂದೆ, ಇದು ಆ ಪಟ್ಟಿ. ಜೀವಿಗಳ ಹೆಸರನ್ನ ಇಲ್ಲಿ ಕನ್ನಡ ಲಿಪೀಲೇ ಬರೀತೀನಿ, ಫೈಲಲ್ಲಿ ಮಾತ್ರ ಲ್ಯಾಟಿನ್ ಲಿಪೀಲೇ ಇರ್ಬೇಕು. ಕುಲ, ಜಾತಿ, ಪ್ರಭೇದ ಅಂದ್ರೆ ಒಬ್ಬೊಬ್ರು ಒಂದೊಂದು ಅರ್ಥ ಮಾಡ್ಕೋತಾರೆ, ಅದಕ್ಕೆ ಜೀನಸ್, ಸ್ಪೀಶೀಸ್ ಅಂತಾನೇ ಇಟ್ಕೊಂಡಿದೀನಿ.

ಹಿನ್ನೆಲೆ ಎರಡೇ ಮಾತು. ಡಾರ್ವಿನ್ ಕೋರ್ ಅಂದ್ರೆ ಕಾಲಂ ಹೆಸರುಗಳ ಒಂದು ಒಪ್ಪಂದ, ಟಿಡಿಡಬ್ಲ್ಯೂಜಿ ಅನ್ನೋ ಗುಂಪು 2009ರಲ್ಲಿ ಸ್ಟ್ಯಾಂಡರ್ಡ್ ಅಂತ ಒಪ್ಕೊಂಡಿದ್ದು. ಜಿಬಿಐಎಫ್ 2001ರಲ್ಲಿ ಶುರುವಾಗಿದ್ದು, ಆಫೀಸು ಕೋಪನ್‌ಹೇಗನ್‌ನಲ್ಲಿದೆ, ಲೋಕದ ಎಲ್ಲಾ ಕಡೆಯಿಂದ ಈ ಥರ ಫೈಲ್ ತಗೊಂಡು ಅದ್ರಲ್ಲಿರೋ ಹೆಸರನ್ನ ತನ್ನ ದೊಡ್ಡ ಹೆಸರುಪಟ್ಟಿ ಜೊತೆ ಹೋಲಿಸಿ ಕೂರಿಸತ್ತೆ. ಆ ಹೋಲಿಸೋ ಜಾಗದಲ್ಲೇ ಎಲ್ಲಾ ರಗಳೆ.

ತಪ್ಪು ನಮ್ದಾ ಅವ್ರದ್ದಾ

ಯಾವ್ದೇ ರಿಪೇರಿಗೆ ಕೈ ಹಾಕೋ ಮುಂಚೆ ಇದೊಂದು ನೋಡ್ಕೊಳ್ಳಿ. ಜಿಬಿಐಎಫ್‌ನಲ್ಲಿ ಒಂದು ರೆಕಾರ್ಡ್ ತೆಗೆದ್ರೆ ಹೆಸರು ಎರಡು ರೂಪದಲ್ಲಿ ಸಿಗತ್ತೆ, ನಾವು ಕಳ್ಸಿದ್ದು ಒಂದು, ಅವ್ರು ಅರ್ಥ ಮಾಡ್ಕೊಂಡಿದ್ದು ಇನ್ನೊಂದು. ಡಾರ್ವಿನ್ ಕೋರ್ ಆರ್ಕೈವ್ ಆಗಿ ಡೌನ್‌ಲೋಡ್ ಮಾಡಿದ್ರೆ ಇವೆರಡೂ ಬೇರೆ ಬೇರೆ ಫೈಲಲ್ಲಿ ಬರತ್ತೆ, ವರ್ಬೇಟಿಮ್ ಅಂತ ಒಂದು, ಅಕರೆನ್ಸ್ ಅಂತ ಇನ್ನೊಂದು. ವರ್ಬೇಟಿಮ್‌ನಲ್ಲೇ ಹೆಸರು ಕೆಟ್ಟಿದ್ರೆ ತಪ್ಪು ನಮ್ಮ ಫೈಲಲ್ಲಿ. ಅಲ್ಲಿ ನೆಟ್ಟಗಿದ್ದು ಇನ್ನೊಂದರಲ್ಲಿ ಎಡವಟ್ಟಾಗಿದ್ರೆ ಮ್ಯಾಚಿಂಗ್‌ನಲ್ಲಿ ಸಮಸ್ಯೆ, ಅದಕ್ಕೂ ಬಹಳ ಸಲ ಕಾರಣ ನಾವು ಕೊಡದೇ ಬಿಟ್ಟಿರೋ ಮಾಹಿತೀನೇ. ಇದು ನೋಡದೇ ನಾನು ಮೂರು ದಿನ ಸ್ಕ್ರಿಪ್ಟ್ ತಿದ್ದಿದೀನಿ, ಸ್ಕ್ರಿಪ್ಟಲ್ಲಿ ಏನೂ ಇರ್ಲಿಲ್ಲ.

ಹೆಸರಿನ ವಿಷಯಕ್ಕೆ ಜಿಬಿಐಎಫ್ ಹಾಕೋ ಮೂರು ಫ್ಲ್ಯಾಗ್ (ಎಚ್ಚರಿಕೆ ಗುರುತು) ನೋಡ್ಬೇಕು. ಮ್ಯಾಚ್ ನನ್ ಅಂದ್ರೆ ಏನೂ ಸಿಗ್ಲಿಲ್ಲ ಅಂತ. ಹೈಯರ್ ರ‍್ಯಾಂಕ್ ಅಂದ್ರೆ ಸ್ಪೀಶೀಸ್ ಸಿಗ್ಲಿಲ್ಲ, ಜೀನಸ್ಸಿಗೋ ಫ್ಯಾಮಿಲಿಗೋ ಹತ್ತಿಸಿ ಬಿಟ್ಟಿದೀವಿ ಅಂತ. ಫಝಿ ಅಂದ್ರೆ ಸ್ಪೆಲಿಂಗ್ ಹತ್ರ ಹತ್ರ ಇತ್ತು, ಇದೇ ಇರ್ಬೇಕು ಅಂದ್ಕೊಂಡ್ವಿ ಅಂತ. ಜನ ಮೊದಲನೇದಕ್ಕೆ ಗಾಬರಿ ಆಗ್ತಾರೆ, ನನಗೆ ಭಯ ಇರೋದು ಮೂರನೇದ್ರ ಮೇಲೆ. ಹಲಸಿನ ಆರ್ಟೊಕಾರ್ಪಸ್ ಹೆಟೆರೋಫಿಲ್ಲಸ್ ಅನ್ನ ಯಾರೋ ಹೆಟೆರೋಫಿಲ್ಲಾ ಅಂತ ಬರ್ದಿದ್ರೆ ಫಝಿ ಒಳ್ಳೇದೇ ಮಾಡತ್ತೆ, ಆದ್ರೆ ಒಂದೇ ಜೀನಸ್ಸಲ್ಲಿ ಒಂದಕ್ಷರ ಆಚೀಚೆ ಇರೋ ಎರಡು ನಿಜವಾದ ಹೆಸರಿದ್ರೆ ಸದ್ದಿಲ್ದೆ ಒಂದರ ಚುಕ್ಕೆ ಇನ್ನೊಂದರ ಮ್ಯಾಪಿಗೆ ಹೋಗ್ಬಿಡತ್ತೆ. ಫಝಿ ಬಂದಿದ್ದನ್ನ ಒಂದೊಂದೇ ಕಣ್ಣಲ್ಲಿ ನೋಡಿ, ಬೇರೆ ದಾರಿ ಇಲ್ಲ.

ಹೆಸರು ಸರಿ ಇದೆ, ಆದ್ರೂ ಮ್ಯಾಚ್ ಆಗಲ್ಲ

ಕಣ್ಣಿಗೆ ಸರಿ ಕಾಣೋದೆಲ್ಲ ಸರಿ ಅಲ್ಲ. ಪಿಡಿಎಫ್‌ನಿಂದ ಕಾಪಿ ಮಾಡಿದ್ರೆ ಅಫಿಸಿನಾಲಿಸ್ ಅನ್ನೋ ಪದದಲ್ಲಿರೋ ಎರಡು ಎಫ್ಫು ಒಂದು ಐ ಸೇರಿ ಒಂದೇ ಅಚ್ಚಿನ ಮೊಳೆ ಆಗಿ ಬಂದಿರತ್ತೆ, ಕಂಪ್ಯೂಟರ್ರಿಗೆ ಅದು ಬೇರೆಯದೇ ಅಕ್ಷರ. ವರ್ಡ್ ಫೈಲಿಂದ ತಂದ್ರೆ ಜೀನಸ್ಸಿಗೂ ಸ್ಪೀಶೀಸಿಗೂ ನಡುವೆ ಮಾಮೂಲಿ ಸ್ಪೇಸ್ ಬದ್ಲು ಮುರಿಯದ ಸ್ಪೇಸ್ ಕೂತಿರತ್ತೆ. ವೆಬ್‌ಪೇಜಿಂದ ತಂದ್ರೆ ಇಬ್ಬರು ಆಥರ್‌ಗಳ ನಡುವಿನ & ಚಿಹ್ನೆ ಹೋಗಿ ಅದರ ಎಚ್‌ಟಿಎಂಎಲ್ ಕೋಡ್ ಇರತ್ತೆ. ಡೌಟ್ ಬಂದ್ರೆ ಸೆಲ್‌ನ ಉದ್ದ ಎಣಿಸೋ ಫಾರ್ಮುಲಾ ಹಾಕಿ, ಅದೇ ಹೆಸರನ್ನ ಪಕ್ಕದ ಸೆಲ್ಲಲ್ಲಿ ಕೈಯಾರೆ ಟೈಪ್ ಮಾಡಿ ಎರಡೂ ಸಮ ಇದ್ಯಾ ಅಂತ ಕೇಳಿ, ಅಲ್ಲ ಅಂದ್ರೆ ಒಳಗೆ ಏನೋ ಅಡಗಿದೆ.

ಎನ್‌ಕೋಡಿಂಗ್ (ಫೈಲಲ್ಲಿ ಅಕ್ಷರಗಳನ್ನ ಬೈಟಾಗಿ ಬರ್ದಿಡೋ ರೀತಿ) ಚೆಕ್ ಮಾಡೋಕೆ ನನ್ನ ಫೇವರಿಟ್ ಗಿಡ ಕುಂಕುಮದ ಮರ. ಮ್ಯಾಲೋಟಸ್ ಫಿಲಿಪೆನ್ಸಿಸ್, ಅದರ ಆಥರ್ ಮ್ಯೂಲರ್ ಆರ್ಗ್., ಅದ್ರಲ್ಲಿ ಯು ಮೇಲೆ ಎರಡು ಚುಕ್ಕೆ ಇದೆ. ಫೈಲ್ ತೆಗೆದ ತಕ್ಷಣ ಆ ಸಾಲು ನೋಡ್ತೀನಿ, ಚುಕ್ಕೆ ಉಳಿದಿದ್ರೆ ಮಿಕ್ಕಿದ್ದೂ ಉಳಿದಿರತ್ತೆ. ಉಳಿದಿಲ್ಲ ಅಂದ್ರೆ ಬಾಳೆ ಸಾಲಿಗೆ ಹೋಗಿ ನೋಡಿ. ಮ್ಯೂಸಾ × ಪ್ಯಾರಾಡಿಸಿಯಾಕಾ, ಆ ನಡುವಿನ, ಹೈಬ್ರಿಡ್ ಅಂತ ಹೇಳೋ ಗುಣಾಕಾರ ಚಿಹ್ನೆ ಯುಟಿಎಫ್-8ರಲ್ಲಿ ಎರಡು ಬೈಟು, ಅದನ್ನ ಎಕ್ಸೆಲ್ ಹಳೇ ವಿಂಡೋಸ್ ಎನ್‌ಕೋಡಿಂಗಲ್ಲಿ ಓದಿದ್ರೆ ತಲೆ ಮೇಲೆ ಅಲೆಗೆರೆ ಇರೋ ಒಂದು ಎ, ಪಕ್ಕದಲ್ಲೊಂದು ಉದ್ದ ಗೆರೆ ಆಗಿ ಕಾಣತ್ತೆ. ಆವಾಗ ಸೇವ್ ಮಾತ್ರ ಮಾಡ್ಬೇಡಿ, ಮಾಡಿದ್ರೆ ಆ ಕಸಾನೇ ಖಾಯಂ ಆಗತ್ತೆ. ಡಬಲ್ ಕ್ಲಿಕ್ ಮಾಡಿ ಫೈಲ್ ತೆರೆಯೋ ಬದ್ಲು ಡೇಟಾ ಇಂಪೋರ್ಟ್ ಕಡೆಯಿಂದ ಬಂದು 65001 ಅನ್ನೋ ಯುಟಿಎಫ್-8 ಆಯ್ಕೆ ಮಾಡಿ.

ಚಿಹ್ನೆ ಸಿಗಲ್ಲ ಅಂತ ಇಂಗ್ಲಿಷ್ ಎಕ್ಸ್ ಅಕ್ಷರ ಹಾಕೋರೂ ಇದಾರೆ, ಪರವಾಗಿಲ್ಲ, ಆದ್ರೆ ಅದಾದ್ಮೇಲೆ ಸ್ಪೇಸ್ ಬಿಡಿ. ಸ್ಪೇಸ್ ಇಲ್ದಿದ್ರೆ ಎಕ್ಸ್ ಅನ್ನೋದು ಹೆಸರಿಗೇ ಅಂಟ್ಕೊಂಡು ಎಕ್ಸ್‌ಪ್ಯಾರಾಡಿಸಿಯಾಕಾ ಅನ್ನೋ ಹೊಸ ಬಾಳೆ ಹುಟ್ಟತ್ತೆ.

ಇನ್ನೊಂದು, ಕಾಮಾ. ಪ್ರಾಣಿಗಳ ಹೆಸರಲ್ಲಿ ಆಥರ್ ಆದ್ಮೇಲೆ ಕಾಮಾ, ಆಮೇಲೆ ವರ್ಷ. ಸಿಎಸ್‌ವಿ ಬರೆಯೋ ಸ್ಕ್ರಿಪ್ಟು ಕೋಟೇಶನ್ ಹಾಕ್ದಿದ್ರೆ ಅಲ್ಲಿಂದ ಮುಂದೆ ಎಲ್ಲಾ ಕಾಲಂ ಒಂದು ಮನೆ ಬಲಕ್ಕೆ ಸರಿಯತ್ತೆ, ಅಕ್ಷಾಂಶದ ಜಾಗದಲ್ಲಿ ಊರಿನ ಹೆಸರು ಬಂದು ಕೂತಿರತ್ತೆ. ಪ್ರಾಣಿ ಸಾಲು ಮಾತ್ರ ಕೆಟ್ಟು ಗಿಡದ ಸಾಲು ಚೆನ್ನಾಗಿದ್ರೆ ಇದೇ ಅಂತ ಕಣ್ಮುಚ್ಚಿ ಹೇಳ್ಬಹುದು, ಯಾಕಂದ್ರೆ ಗಿಡದ ಹೆಸರಿಗೆ ವರ್ಷ ಬರೆಯೋ ವಾಡಿಕೆ ಇಲ್ಲ. ಸಿಎಸ್‌ವಿ ಬಿಟ್ಟು ಟ್ಯಾಬ್ ಫೈಲ್ ಮಾಡಿದ್ಮೇಲೆ ನಾನು ನೆಮ್ಮದಿಯಾಗಿದೀನಿ.

ಬ್ರ್ಯಾಕೆಟ್ ಒಳಗೆ ಯಾರಿದಾರೆ

ಊರಿನ ಮಾಮೂಲಿ ನೆಲಗಪ್ಪೆ ತಗೊಳ್ಳಿ. 1799ರಲ್ಲಿ ಶ್ನೈಡರ್ ಅದಕ್ಕೆ ಬ್ಯೂಫೋ ಮೆಲನೋಸ್ಟಿಕ್ಟಸ್ ಅಂತ ಹೆಸರಿಟ್ಟ, ಆಮೇಲೆ ಅದು ಡಟ್ಟಾಫ್ರೈನಸ್ ಅನ್ನೋ ಜೀನಸ್ಸಿಗೆ ಹೋಯ್ತು, ಅದಕ್ಕೇ ಈಗ ಶ್ನೈಡರ್, 1799 ಅನ್ನೋದು ಬ್ರ್ಯಾಕೆಟ್ ಒಳಗೆ. ಜೀನಸ್ ಬದಲಾಗಿದೆ ಅಂತ ಹೇಳೋಕೇ ಆ ಬ್ರ್ಯಾಕೆಟ್ ಇರೋದು, ಅಂದಕ್ಕಲ್ಲ. ಕ್ಲೀನ್ ಮಾಡ್ತೀನಿ ಅಂತ ಬ್ರ್ಯಾಕೆಟ್ ಎಲ್ಲ ಅಳಿಸಿದ್ರೆ ಹೆಸರಿನ ಅರ್ಧ ಇತಿಹಾಸ ಅಳಿಸಿದ ಹಾಗೆ.

ಸೊಳ್ಳೆ ಇನ್ನೂ ಮಜಾ. ಡೆಂಗಿ ಸೊಳ್ಳೆ ಹೆಸರನ್ನ ಪೂರ್ತಿ ಬರೆದ್ರೆ ಈಡಿಸ್ (ಸ್ಟೆಗೋಮೈಯಾ) ಈಜಿಪ್ಟೈ (ಲಿನ್ನೇಯಸ್, 1762). ಇಲ್ಲಿ ಎರಡು ಬ್ರ್ಯಾಕೆಟ್ಟು, ಮೊದಲನೇದು ಸಬ್‌ಜೀನಸ್, ಎರಡನೇದು ಆಥರ್. ನಾನು ಬರೆದಿದ್ದ ರೆಗೆಕ್ಸ್ (ಪಠ್ಯ ಹುಡುಕೋ ಸೂತ್ರ) ಮೊದಲ ಬ್ರ್ಯಾಕೆಟ್ ಸಿಕ್ಕಿದ ಕೂಡಲೇ ಅದನ್ನ ಕಿತ್ತು ಆಥರ್ ಕಾಲಂಗೆ ಹಾಕ್ತಿತ್ತು, ಒಂದು ವಾರ ನಮ್ಮ ಫೈಲಲ್ಲಿ ಸ್ಟೆಗೋಮೈಯಾ ಅನ್ನೋ ವಿಜ್ಞಾನಿ ಇದ್ದ.

ಗಿಡದಲ್ಲಿ ಬೇರೆ ಥರ ಏಟು. ಲಿನ್ನೇಯಸ್‌ನ ಚಿಕ್ಕ ರೂಪ ಎಲ್., ಅವನ ಮಗನದ್ದು ಎಲ್.ಎಫ್. ಕಾಚಿನ ಮರದ ಹಳೇ ಹೆಸರು ಅಕೇಶಿಯಾ ಕೆಟೆಚು (ಎಲ್.ಎಫ್.) ವಿಲ್ಡ್., ಅಂದ್ರೆ ಹೆಸರಿಟ್ಟಿದ್ದು ಮಗ. ಚುಕ್ಕೆ ಆದ್ಮೇಲೆಲ್ಲ ಸ್ಪೇಸ್ ಹಾಕೋ ಒಂದು ಶಿಸ್ತಿನ ಸ್ಕ್ರಿಪ್ಟು ಎಲ್. ಎಫ್. ಅಂತ ಬಿಡಿಸ್ತು, ಮುಂದಿನ ಸ್ಕ್ರಿಪ್ಟು ಆ ಎಫ್. ಅನ್ನ ಫಾರ್ಮಾ ಅನ್ನೋ ರ‍್ಯಾಂಕ್ ಅಂದ್ಕೊಂಡು ತೆಗೆದು ಬಿಸಾಕ್ತು. ಮಗನ ಕೆಲ್ಸ ಅಪ್ಪನ ಖಾತೆಗೆ.

ಮೂರು ಪದದ ಹೆಸರಲ್ಲೂ ಹುಷಾರು. ಪ್ಯಾಂಥೆರಾ ಟೈಗ್ರಿಸ್ ಟೈಗ್ರಿಸ್ ಅಂತ ಪ್ರಾಣಿಗೆ ನಡುವೆ ಏನೂ ಹಾಕ್ದೇ ಬರೀಬಹುದು, ಯಾಕಂದ್ರೆ ಅಲ್ಲಿ ಸ್ಪೀಶೀಸ್ ಕೆಳಗೆ ಸಬ್‌ಸ್ಪೀಶೀಸ್ ಬಿಟ್ರೆ ಬೇರೆ ರ‍್ಯಾಂಕಿಗೆ ಹೆಸರಿಡೋ ನಿಯಮದ ಲೆಕ್ಕದಲ್ಲಿ ಜಾಗ ಇಲ್ಲ. ಗಿಡಕ್ಕೆ ಸಬ್‌ಸ್ಪೀಶೀಸಾ, ವೆರೈಟಿಯಾ, ಫಾರ್ಮಾನಾ ಅಂತ ಹೇಳಲೇಬೇಕು. ಕರಿಜಾಲಿಯ ಹಳೇ ಲೇಬಲ್ಲಲ್ಲಿ ಅಕೇಶಿಯಾ ನೈಲೋಟಿಕಾ (ಎಲ್.) ವಿಲ್ಡ್. ಎಕ್ಸ್ ಡಿಲೈಲ್ ಸಬ್‌ಸ್ಪೀಶೀಸ್ ಇಂಡಿಕಾ (ಬೆಂಥ್.) ಬ್ರೆನನ್ ಅಂತ ಇತ್ತು (ಈ ಎಕ್ಸ್ ಹೈಬ್ರಿಡ್ ಚಿಹ್ನೆ ಅಲ್ಲ, ಆಥರ್ ಹೆಸರುಗಳ ನಡುವೆ ಬರೋ ಲ್ಯಾಟಿನ್ ಪದ), ಇದ್ರಲ್ಲಿ ಎರಡು ಸೆಟ್ ಆಥರ್. ಆಥರ್‌ಶಿಪ್ ಕಾಲಂಗೆ ಹೋಗೋದು ಕೊನೇದು ಮಾತ್ರ. ಆದ್ರೆ ಅದೇ ಸ್ಪೀಶೀಸಿನ ಸಬ್‌ಸ್ಪೀಶೀಸ್ ನೈಲೋಟಿಕಾಗೆ, ಅಂದ್ರೆ ಸ್ಪೀಶೀಸ್ ಹೆಸರೇ ಮತ್ತೆ ಬಂದಾಗ, ಕೊನೇಲಿ ಆಥರೇ ಇರಲ್ಲ, ನಿಯಮಾನೇ ಹಾಗೆ. ಆ ಸೆಲ್ ಖಾಲಿ ಇದೆ ಅಂತ ಯಾರಾದ್ರೂ ಎರರ್ ತೋರ್ಸಿದ್ರೆ ತುಂಬಕ್ಕೆ ಹೋಗ್ಬೇಡಿ.

ಅಕೇಶಿಯಾ ಅವಾಂತರ

ಎಲ್ಲಕ್ಕಿಂತ ದೊಡ್ಡ ತಪ್ಪು ಇದು, ನಾನೇ ಮಾಡಿದ್ದು, ಸ್ವಲ್ಪ ಉದ್ದ ಆಗತ್ತೆ.

ಅಕೇಶಿಯಾ ಅನ್ನೋ ಜೀನಸ್ ಒಡೆದಾಗ ಆ ಹೆಸರು ಯಾರಿಗೆ ಉಳೀಬೇಕು ಅಂತ ಸಸ್ಯಶಾಸ್ತ್ರಜ್ಞರು ಸಿಕ್ಕಾಪಟ್ಟೆ ಜಗಳ ಆಡಿದ್ರು. 2005ರ ವಿಯೆನ್ನಾ ಕಾಂಗ್ರೆಸ್ಸಲ್ಲಿ ಆಸ್ಟ್ರೇಲಿಯಾದ ಗುಂಪಿಗೆ ಅಂತ ಆಯ್ತು, 2011ರಲ್ಲಿ ಮೆಲ್ಬೋರ್ನ್‌ನಲ್ಲಿ ಅದೇ ಉಳೀತು. ನಮ್ಮ ಕಡೆಯ ಜಾಲಿಗಳು ವ್ಯಾಚೆಲಿಯಾ, ಸೆನೆಗೇಲಿಯಾ ಅನ್ನೋ ಬೇರೆ ಜೀನಸ್‌ಗಳಿಗೆ ಹಂಚಿಹೋದ್ವು. ಇದನ್ನ ಅರ್ಧಂಬರ್ಧ ಓದ್ಕೊಂಡ ನಾನು ಏನ್ ಮಾಡ್ದೆ, ಫೈಂಡ್ ರಿಪ್ಲೇಸ್ ತೆಗೆದು ಅಕೇಶಿಯಾ ಇದ್ದಲ್ಲೆಲ್ಲ ವ್ಯಾಚೆಲಿಯಾ ಅಂತ ಒತ್ತಿಬಿಟ್ಟೆ. ಒಂದೇ ಕ್ಲಿಕ್ಕು.

ಮೂರು ಥರ ಕೆಟ್ಟಿತು. ಒಂದು, ಕಾಚಿನ ಮರ ಹೋಗ್ಬೇಕಿದ್ದು ಸೆನೆಗೇಲಿಯಾಗೆ, ವ್ಯಾಚೆಲಿಯಾಗಲ್ಲ. ಎರಡು, ಮಲೆನಾಡಲ್ಲಿ ಅಕೇಶಿಯಾ ನೆಡುತೋಪು ಅಂತ ಜನ ಬಯ್ಯೋ ಆ ಅಕೇಶಿಯಾ ಆರಿಕ್ಯುಲಿಫಾರ್ಮಿಸ್ ಆಸ್ಟ್ರೇಲಿಯಾ ಕಡೆದೇ, ಅದು ಅಕೇಶಿಯಾ ಆಗೇ ಉಳ್ದಿದೆ, ಅದನ್ನೂ ಬದಲಾಯಿಸಿಬಿಟ್ಟಿದ್ದೆ. ಮೂರನೇದು ಕಂಡುಹಿಡಿಯೋಕೆ ಕಷ್ಟ. ಕರಿಜಾಲಿ ಸಾಲಲ್ಲಿ ಈಗ ವ್ಯಾಚೆಲಿಯಾ ನೈಲೋಟಿಕಾ (ಎಲ್.) ವಿಲ್ಡ್. ಎಕ್ಸ್ ಡಿಲೈಲ್ ಅಂತ ಇತ್ತು, ಜೀನಸ್ ಹೊಸದು, ಆಥರ್ ಹಳೇದು. ಅಂಥ ಹೆಸರನ್ನ ಯಾರೂ ಯಾವತ್ತೂ ಪ್ರಕಟ ಮಾಡೇ ಇಲ್ಲ. ವ್ಯಾಚೆಲಿಯಾಗೆ ಅದನ್ನ ತಂದವ್ರು ಹರ್ಟರ್ ಮತ್ತು ಮ್ಯಾಬರ್ಲಿ, ಬ್ರ್ಯಾಕೆಟ್ ಒಳಗಿನ ಎಲ್. ಹಾಗೇ ಉಳೀತದೆ, ಹೊರಗಿನವ್ರು ಬದಲಾಗ್ತಾರೆ.

ಸರಿಯಾದ ದಾರಿ ಏನು ಅಂದ್ರೆ ಬದಲಾಯಿಸದೇ ಇರೋದು. ಶೀಟ್ ಮೇಲೆ ಅಕೇಶಿಯಾ ನೈಲೋಟಿಕಾ ಅಂತ ಇದ್ರೆ ಸೈಂಟಿಫಿಕ್‌ನೇಮ್‌ಗೆ ಅದೇ ಹೋಗ್ಲಿ, ಆಥರ್ ಸಮೇತ. ಅದು ಹಳೇ ಹೆಸರು ಅಂತ ಜಿಬಿಐಎಫ್ ಪಟ್ಟಿಗೆ ಗೊತ್ತು, ಅದೇ ಹೊಸ ಹೆಸರಿಗೆ ಕೊಂಡಿ ಹಾಕ್ಕೊಳತ್ತೆ. ನೀವೇ ಹೇಳ್ಬೇಕು ಅನ್ಸಿದ್ರೆ ಆಕ್ಸೆಪ್ಟೆಡ್‌ನೇಮ್‌ಯೂಸೇಜ್ ಅಂತ ಬೇರೆ ಕಾಲಂ ಇದೆ. ಇಲ್ಲೇ ಇನ್ನೊಂದು ಗುಂಡಿ, ಜೀನಸ್ ಅನ್ನೋ ಕಾಲಂ ಬೇರೆ, ಜೆನೆರಿಕ್‌ನೇಮ್ ಅನ್ನೋ ಕಾಲಂ ಬೇರೆ. ಜೆನೆರಿಕ್‌ನೇಮ್ ಅಂದ್ರೆ ಬರೆದಿರೋ ಹೆಸರಿನ ಮೊದಲ ಪದ, ಇಲ್ಲಿ ಅಕೇಶಿಯಾ. ಜೀನಸ್ ಅಂದ್ರೆ ಈ ಗಿಡಾನ ನೀವು ಈಗ ಯಾವ ಜೀನಸ್ಸಲ್ಲಿ ಇಡ್ತೀರ ಅನ್ನೋದು, ಇಲ್ಲಿ ವ್ಯಾಚೆಲಿಯಾ ಆಗ್ಬಹುದು. ಎರಡೂ ಬೇರೆ ಇದ್ರೆ ತಪ್ಪಲ್ಲ. ಎರಡೂ ಒಂದೇ ಇರ್ಲೇಬೇಕು ಅಂತ ಚೆಕ್ ಬರೆದಿದ್ದೆ ನಾನು, ಆ ಚೆಕ್ಕನ್ನ ಅಳಿಸಿದೆ.

ಮತ್ತೆ ಯಾವುದಕ್ಕೂ ಕೈ ಹಾಕೋ ಮುಂಚೆ ವರ್ಬೇಟಿಮ್‌ಐಡೆಂಟಿಫಿಕೇಶನ್ ಕಾಲಂ ಮಾಡ್ಕೊಂಡು ಲೇಬಲ್ಲಲ್ಲಿ ಇರೋದನ್ನ ಇದ್ದ ಹಾಗೇ, ತಪ್ಪು ಸ್ಪೆಲಿಂಗ್ ಸಮೇತ, ಅಲ್ಲಿ ಕಾಪಿ ಮಾಡಿ. ಆ ಕಾಲಂ ಇದ್ದಿದ್ರೆ ನನ್ನ ಫೈಂಡ್ ರಿಪ್ಲೇಸ್ ಐದು ನಿಮಿಷದಲ್ಲಿ ವಾಪಸ್ ಹೋಗ್ತಿತ್ತು. ಇರ್ಲಿಲ್ಲ, ಶೀಟುಗಳನ್ನ ಮತ್ತೆ ಬೀರುವಿಂದ ಇಳಿಸಿ ನೋಡಿದ್ದಾಯ್ತು.

ಅನುಮಾನ ಹೆಸರೊಳಗೆ ಸೇರ್ಕೊಂಡಿದ್ರೆ

ಕಪ್ಪೆ ಹುಡುಕೋ ಹುಡುಗರು ರಾತ್ರಿ ಮಳೇಲಿ ನೆನೆದು ಬರ್ಕೊಂಡು ಬಂದಿದ್ರಲ್ಲಿ ಅರ್ಧಕ್ಕರ್ಧ ರಾರ್ಕೆಸ್ಟಿಸ್ ಸಿಎಫ್. ಲ್ಯೂಟಿಯೋಲಸ್, ರಾರ್ಕೆಸ್ಟಿಸ್ ಎಸ್‌ಪಿ. 3 ಇಂಥವೇ. (ರಾರ್ಕೆಸ್ಟಿಸ್ ಅನ್ನೋದ್ರಲ್ಲಿರೋ ರಾ ನಮ್ಮ ಸಿ. ಆರ್. ನಾರಾಯಣ ರಾವ್ ಅವ್ರದ್ದು, ಬೆಂಗಳೂರಿನ ಸೆಂಟ್ರಲ್ ಕಾಲೇಜಲ್ಲಿದ್ದು ಪಶ್ಚಿಮಘಟ್ಟದ ಕಪ್ಪೆಗಳ ಮೇಲೆ ಕೆಲ್ಸ ಮಾಡಿದವ್ರು, 1932ರಲ್ಲಿ ಶುರುವಾದ ಕರೆಂಟ್ ಸೈನ್ಸ್ ಪತ್ರಿಕೆಯ ಮೊದಲ ಸಂಪಾದಕರು. ಜೀನಸ್ಸಿಗೆ ಆ ಹೆಸರು ಬಂದಿದ್ದು 2010ರಲ್ಲಿ.)

ಸಿಎಫ್. ಅಂದ್ರೆ ಇದೇ ಇರ್ಬಹುದು, ಹೋಲಿಸಿ ನೋಡ್ಬೇಕು ಅಂತ. ಎಎಫ್ಎಫ್. ಅಂದ್ರೆ ಇದಕ್ಕೆ ಹತ್ತಿರದ್ದು, ಆದ್ರೆ ಇದಲ್ಲ ಅಂತ. ಎಸ್‌ಪಿ. ಅಂದ್ರೆ ಯಾವ ಸ್ಪೀಶೀಸ್ ಅಂತ ಗೊತ್ತಾಗಿಲ್ಲ ಅಂತ. ಇವ್ಯಾವೂ ಕಪ್ಪೆಯ ಹೆಸರಿನ ಭಾಗ ಅಲ್ಲ, ನೋಡಿದವ್ನ ಮನಸ್ಸಿನ ಅನುಮಾನ. ಅದನ್ನ ಸೈಂಟಿಫಿಕ್‌ನೇಮ್ ಒಳಗೆ ಬಿಟ್ರೆ ಒಂದು ಟೂಲು ಸಿಎಫ್. ಕಿತ್ತಾಕಿ ನೇರ ಸ್ಪೀಶೀಸಿಗೆ ಕೂರಿಸತ್ತೆ, ಇನ್ನೊಂದು ಜೀನಸ್ಸಿಗೆ ಹತ್ತಿಸತ್ತೆ, ಅಂದ್ರೆ ಹುಡುಗನ ಅನುಮಾನ ಏನಾಗ್ಬೇಕು ಅಂತ ತೀರ್ಮಾನ ಮಾಡೋದು ಯಾವ್ದೋ ಸಾಫ್ಟ್‌ವೇರು. ಸ್ಟ್ಯಾಂಡರ್ಡ್ ಕೂಡ ಇದನ್ನ ಅಲ್ಲಿ ಇಡ್ಬೇಡಿ, ಐಡೆಂಟಿಫಿಕೇಶನ್‌ಕ್ವಾಲಿಫೈಯರ್‌ಗೆ ಹಾಕಿ ಅಂತಾನೇ ಹೇಳತ್ತೆ. ನಾನು ಮಾಡೋದು ಹೀಗೆ, ಸೈಂಟಿಫಿಕ್‌ನೇಮ್‌ನಲ್ಲಿ ಬರೀ ರಾರ್ಕೆಸ್ಟಿಸ್, ರ‍್ಯಾಂಕ್ ಜೀನಸ್, ಕ್ವಾಲಿಫೈಯರಲ್ಲಿ ಸಿಎಫ್. ಲ್ಯೂಟಿಯೋಲಸ್, ವರ್ಬೇಟಿಮ್‌ಐಡೆಂಟಿಫಿಕೇಶನ್ ಕಾಲಂನಲ್ಲಿ ಪೂರ್ತಿ ಸಾಲು. ಸಿಎಫ್. ಇದ್ರೆ ಸ್ಪೀಶೀಸ್ ಹೆಸರು ಉಳಿಸ್ಕೊಂಡು ಕ್ವಾಲಿಫೈಯರಲ್ಲಿ ಅನುಮಾನ ಇಟ್ರೆ ಸಾಕು ಅನ್ನೋರೂ ಇದಾರೆ, ಆದ್ರೆ ಡೌನ್‌ಲೋಡ್ ಮಾಡೋರು ಕ್ವಾಲಿಫೈಯರ್ ಕಾಲಂ ನೋಡೋದನ್ನ ನಾನಂತೂ ಕಂಡಿಲ್ಲ, ಸೈಂಟಿಫಿಕ್‌ನೇಮ್ ಒಂದನ್ನೇ ಎತ್ಕೊಂಡು ಮ್ಯಾಪ್ ಮಾಡ್ತಾರೆ. ಎಸ್‌ಪಿ. 3 ಕೂಡ ಹಾಗೇ, ಜೀನಸ್ ಮಾತ್ರ ಮೇಲೆ, ಆ 3 ಅನ್ನೋದು ವರ್ಬೇಟಿಮ್‌ಗೆ. ನಿಮ್ಮ 3 ಇನ್ನೊಬ್ರ 3 ಅಲ್ಲ.

ಇಲ್ಲಿ ಹೈಯರ್ ರ‍್ಯಾಂಕ್ ಫ್ಲ್ಯಾಗ್ ಬರಲ್ಲ, ಯಾಕಂದ್ರೆ ನಾವೇ ಜೀನಸ್ ಕೊಟ್ಟಿದೀವಿ. ಆದ್ರೆ ಹತ್ತಿಯಲ್ಲಿ ಬರತ್ತೆ. 1972ರಲ್ಲಿ ಧಾರವಾಡದಿಂದ ಬಂದ ವರಲಕ್ಷ್ಮಿ ಹತ್ತಿ ಎರಡು ಸ್ಪೀಶೀಸ್ ಕ್ರಾಸ್, ಗಾಸಿಪಿಯಂ ಹಿರ್ಸುಟಮ್ × ಗಾಸಿಪಿಯಂ ಬಾರ್ಬಡೆನ್ಸ್. ಈ ಥರ ಹೈಬ್ರಿಡ್ ಫಾರ್ಮುಲಾ ಒಂದು ಹೆಸರೇ ಅಲ್ಲ, ಎರಡು ಹೆಸರಿನ ಲೆಕ್ಕ, ಹೋಲಿಸೋ ಟೂಲಿಗೆ ಅದನ್ನ ಎಲ್ಲಿ ಕೂರಿಸ್ಬೇಕು ಗೊತ್ತಾಗದೇ ಗಾಸಿಪಿಯಂ ಜೀನಸ್ಸಿಗೆ ಬಿಡತ್ತೆ. ಅಪ್ಪ ಅಮ್ಮ ಇಬ್ರೂ ಅದೇ ಜೀನಸ್ ಆಗಿರೋದ್ರಿಂದ ಅದು ಸರಿಯಾದ ಉತ್ತರಾನೇ, ಫ್ಲ್ಯಾಗ್ ತೆಗೀಬೇಕು ಅಂತ ಒಬ್ಬ ಪೇರೆಂಟ್ ಅಳಿಸ್ಬೇಡಿ. ಎರಡನೇ ಸಲ ಜೀನಸ್ಸನ್ನ ಜಿ. ಅಂತ ಚಿಕ್ಕದು ಮಾಡೋದೂ ಬೇಡ. ವರಲಕ್ಷ್ಮಿ ಅನ್ನೋದು ಕಲ್ಟಿವರ್‌ಎಪಿಥೆಟ್ ಕಾಲಂಗೆ, ಕೋಟೇಶನ್ ಇಲ್ದೆ.

ಹಿಪ್ಪುನೇರಳೆಯೋ ಕಡಲ ಹಕ್ಕಿಯೋ

ಗಿಡಕ್ಕೂ ಪ್ರಾಣಿಗೂ ಹೆಸರಿಡೋ ನಿಯಮದ ಪುಸ್ತಕಗಳೇ ಬೇರೆ, ಇವ್ರು ಇಟ್ಟ ಹೆಸರನ್ನ ಅವ್ರೂ ಇಡ್ಬಹುದು. ರಾಮನಗರದ ರೇಷ್ಮೆ ಸೀಮೆಯಲ್ಲಿ ಮೋರಸ್ ಅಂದ್ರೆ ಹಿಪ್ಪುನೇರಳೆ, ಹಕ್ಕಿ ನೋಡೋರಿಗೆ ಮೋರಸ್ ಅಂದ್ರೆ ಗ್ಯಾನೆಟ್ ಅನ್ನೋ ಕಡಲ ಹಕ್ಕಿ. ಫೈಕಸ್ ಅಂದ್ರೆ ನಮ್ಗೆ ಆಲ, ಅರಳಿ, ಅತ್ತಿ, ಶಂಖ ಆರಿಸೋರಿಗೆ ಒಂದು ಸಮುದ್ರದ ಬಸವನಹುಳು. ಇಷ್ಟೇ ಆಗಿದ್ರೆ ಸ್ಪೀಶೀಸ್ ಹೆಸರು ಕಾಪಾಡ್ತಿತ್ತು, ಫೈಕಸ್ ವೇರಿಗೇಟಾದಲ್ಲಿ ಅದೂ ಇಲ್ಲ. ಬ್ಲೂಮ್ ಹೆಸರಿಟ್ಟ ಫೈಕಸ್ ವೇರಿಗೇಟಾ ಮರ, ರೋಡಿಂಗ್ 1798ರಲ್ಲಿ ಹೆಸರಿಟ್ಟ ಫೈಕಸ್ ವೇರಿಗೇಟಾ ಬಸವನಹುಳು. ಅಕ್ಷರಕ್ಕೆ ಅಕ್ಷರ ಒಂದೇ.

ಲಕ್ಷಣ ಏನು ಅಂದ್ರೆ ಸ್ಪೆಲಿಂಗ್ ಪಕ್ಕಾ ಇದ್ರೂ ಮ್ಯಾಚ್ ನನ್ ಬರತ್ತೆ, ಅಥ್ವಾ ಅದಕ್ಕಿಂತ ಕೆಟ್ಟದ್ದು, ಫ್ಲ್ಯಾಗೇ ಇಲ್ದೆ ಬೇರೆ ಕಡೆ ಮ್ಯಾಚ್ ಆಗತ್ತೆ. ಮದ್ದು ಸಣ್ಣದು, ಕಿಂಗ್‌ಡಮ್ ಕಾಲಂ ತುಂಬಿ, ಆಥರ್ ಕೊಡಿ, ಸಾಧ್ಯ ಆದ್ರೆ ಫ್ಯಾಮಿಲೀನೂ ಕೊಡಿ. ಗಿಡದ ಫೈಲು ತಾನೇ, ಕಿಂಗ್‌ಡಮ್ ಯಾಕೆ ಅಂತ ಬಿಟ್ಟಿರ್ತಾರೆ, ಅದು ಗಿಡದ ಫೈಲು ಅಂತ ನಿಮಗೆ ಗೊತ್ತು, ಕೋಪನ್‌ಹೇಗನ್‌ಗೆ ಗೊತ್ತಿಲ್ಲ.

ಕಳಿಸೋ ಮುಂಚೆ ಏಳೇ ಹೆಸರು

ಈಗ ನಾನು ಪೂರ್ತಿ ಫೈಲ್ ಓಡಿಸೋ ಮುಂಚೆ ಒಂದು ಪುಟಾಣಿ ಫೈಲ್ ಓಡಿಸ್ತೀನಿ, ಅದ್ರಲ್ಲಿ ಮೇಲೆ ಬಂದ ತಂಟೆಕೋರರೆಲ್ಲ ಇದಾರೆ, ಕುಂಕುಮದ ಮರ, ಬಾಳೆ, ಡೆಂಗಿ ಸೊಳ್ಳೆ, ಕರಿಜಾಲಿ ಸಬ್‌ಸ್ಪೀಶೀಸ್, ಎಲ್.ಎಫ್. ಇರೋ ಕಾಚು, ಫೈಕಸ್ ವೇರಿಗೇಟಾ, ಸಿಎಫ್. ಕಪ್ಪೆ. ಮೊದ್ಲು ಜಿಬಿಐಎಫ್ ನೇಮ್ ಪಾರ್ಸರ್‌ಗೋ ಜಿಎನ್‌ಪಾರ್ಸರ್‌ಗೋ ಕೊಟ್ಟು ಹೆಸರು ಹೇಗೆ ಬಿಡಿಸ್ತು ಅಂತ ನೋಡೋದು, ಜಿಎನ್‌ಪಾರ್ಸರ್ ಪ್ರತಿ ಹೆಸರಿಗೂ 1ರಿಂದ 4ರ ತನಕ ಕ್ವಾಲಿಟಿ ನಂಬರ್ ಕೊಡತ್ತೆ, 1 ಬಂದ್ರೆ ತೊಂದರೆ ಇಲ್ಲ, 4 ಬಂದ್ರೆ ತಲೆಬಿಸಿ, 0 ಬಂದ್ರೆ ಬಿಡಿಸೋಕೇ ಆಗ್ಲಿಲ್ಲ ಅಂತ. ಆಮೇಲೆ ಸ್ಪೀಶೀಸ್ ಮ್ಯಾಚಿಂಗ್ ಟೂಲಿಗೆ ಸಿಎಸ್‌ವಿ ಹಾಕಿ ಎಲ್ಲಿ ಕೂತ್ಕೊಳ್ತು ಅಂತ ನೋಡೋದು. ಬಿಡಿಸೋದು ಬೇರೆ, ಹೋಲಿಸೋದು ಬೇರೆ, ಎರಡನ್ನೂ ಒಟ್ಟಿಗೆ ನೋಡಿದ್ರೆ ತಪ್ಪು ಎಲ್ಲಿದೆ ಗೊತ್ತಾಗಲ್ಲ.

ಕೊನೆಗೂ ಒಂದು ಶೀಟ್ ಉಳ್ಕೊಂಡಿದೆ. ಒಂದೇ ಗಿಡದ ಮೇಲೆ ಮೂರು ಡಿಟರ್ಮಿನೇಶನ್ ಚೀಟಿ, ಮೂರು ಜನ ಮೂರು ಕಾಲದಲ್ಲಿ ಮೂರು ಹೆಸರು ಬರ್ದಿದಾರೆ, ಮಧ್ಯದ್ದರಲ್ಲಿ ಹೆಸರಿನ ಪಕ್ಕ ಸೆನ್ಸು ಗ್ಯಾಂಬಲ್, ನಾನ್ ಎಲ್. ಅಂತ ಬೇರೆ ಇದೆ, ಅಂದ್ರೆ ಗ್ಯಾಂಬಲ್ ಅನ್ನೋ ಸಸ್ಯಶಾಸ್ತ್ರಜ್ಞ ಯಾವ ಅರ್ಥದಲ್ಲಿ ಈ ಹೆಸರು ಬಳಸಿದಾನೋ ಆ ಅರ್ಥ, ಲಿನ್ನೇಯಸ್ ಹೇಳಿದ ಗಿಡ ಅಲ್ಲ ಅಂತ. ಅದು ನೇಮ್‌ಅಕಾರ್ಡಿಂಗ್‌ಟು ಕಾಲಂಗೆ ಹೋಗ್ಬೇಕು, ಮೂರೂ ಚೀಟಿ ಐಡೆಂಟಿಫಿಕೇಶನ್ ಹಿಸ್ಟರಿ ಎಕ್ಸ್‌ಟೆನ್ಶನ್ ಅನ್ನೋ ಜೊತೆ ಫೈಲಿಗೆ ಮೂರು ಸಾಲಾಗಿ ಹೋಗ್ಬೇಕು, ಮೇನ್ ಫೈಲಲ್ಲಿ ಇತ್ತೀಚಿನದ್ದು ಒಂದೇ ಇರ್ಬೇಕು. ಇತ್ತೀಚಿನದ್ದು ಯಾವುದು ಅನ್ನೋದೇ ಪ್ರಶ್ನೆ, ಎರಡು ಚೀಟಿಗೆ ತಾರೀಖು ಇಲ್ಲ, ಇಂಕು ಮಾತ್ರ ಬೇರೆ ಬೇರೆ. ನಾಳಿದ್ದು ಹಳೇ ಮೇಷ್ಟ್ರು ಬರ್ತಾರಂತೆ, ಕೈಬರಹ ಯಾರದ್ದು ಅಂತ ಅವ್ರಿಗೆ ತೋರಿಸ್ಬೇಕು.